ತನಿಖೆ ಅನುಭವದಿಂದ ಬರೋದಲ್ವಾ ಸಾರ್, ಅದಕ್ಕೂ ಟ್ರೈನಿಂಗ್ ಯಾಕೆ?

ಪೊಲೀಸ್ ಇಲಾಖೆಯಿಂದ ನಿವೃತ್ತನಾದ ಮೇಲೆ ತನಿಖೆಯ ಪಾಠ ಮಾಡಲು ತರಬೇತಿ ಶಾಲೆಗಳಿಗೆ ಹೋಗಿಬರುತ್ತೇನೆ. ಅದು ಗೊತ್ತಾದವರೆಲ್ಲ ಕೇಳುವ ಪ್ರಶ್ನೆ ಇದು. ಮದುವೆ ಮನೆಯಲ್ಲಿ ಪಕ್ಕದ ಎಲೆಗೆ ಕೂತವರು ಕೇಳುತ್ತಾರೆ, ಹೊಸದಾಗಿ ಪಿಎಸ್‌ಐ ಆದ ಹುಡುಗರು ಕೇಳುತ್ತಾರೆ. ಇಪ್ಪತ್ತು ವರ್ಷ ಸರ್ವಿಸ್ ಆದ ಎಎಸ್‌ಐಗಳಂತೂ ಮೊದಲ ದಿನವೇ ಬೇಸರದಿಂದ ಕೇಳಿಬಿಡುತ್ತಾರೆ: "ಎಷ್ಟು ಮಹಜರು ಬರೆದಿದೀವಿ, ಎಷ್ಟು ಚಾರ್ಜ್‌ಶೀಟ್ ಹಾಕಿದೀವಿ ಸಾರ್. ತನಿಖೆ ಅನ್ನೋದು ಮಾಡ್ತಾ ಮಾಡ್ತಾ ಬರೋದು. ಇಲ್ಲಿ ಬೆಂಚಲ್ಲಿ ಕೂತು ಏನು ಕಲೀಬೇಕು?"

ನಾನೂ ಬಹಳ ವರ್ಷ ಹಾಗೇ ನಂಬಿದ್ದೆ. ಆ ನಂಬಿಕೆ ಬಿಟ್ಟುಹೋದದ್ದು ಕೋರ್ಟಿನ ಎದುರಿನ ಟೀ ಅಂಗಡಿಯಲ್ಲಿ. ಯಾವುದೋ ಕೇಸಿಗೆ ಸಾಕ್ಷಿ ಹೇಳಲು ಹೋಗಿದ್ದೆ. ಕೋರ್ಟ್ ಡ್ಯೂಟಿಯ ಕಾನ್‌ಸ್ಟೇಬಲ್ ಟೀ ಹೀರುತ್ತಾ, "ನಿಮ್ಮ ಆ ಮಚ್ಚಿನ ಕೇಸು ಹೋದ ವರ್ಷವೇ ಖುಲಾಸೆ ಆಯ್ತಲ್ಲ ಸಾರ್" ಅಂದ. ನನಗೆ ಗೊತ್ತೇ ಇರಲಿಲ್ಲ. ಆ ಕೊಲೆಯ ತನಿಖೆ ಮಾಡಿ ಆರು ವರ್ಷವಾಗಿತ್ತು, ನಡುವೆ ಮೂರು ಠಾಣೆ ಬದಲಾಗಿತ್ತು. ಕರೆದಾಗ ಬಂದು ಸಾಕ್ಷಿ ಹೇಳಿ ಹೋಗಿದ್ದೆ. ಆಮೇಲೆ ಏನಾಯಿತು ಎಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ತೀರ್ಪಿನ ನಕಲು ತರಿಸಿ ರಾತ್ರಿ ಕೂತು ಓದಿದೆ. ಮೂರು ಪುಟ ನನ್ನ ಒಂದೇ ಒಂದು ಜಪ್ತಿ ಮಹಜರಿನ (ವಸ್ತುವನ್ನು ವಶಪಡಿಸಿಕೊಂಡಾಗ ಸಾಕ್ಷಿಗಳ ಎದುರು ಬರೆಯುವ ದಾಖಲೆಯ) ಬಗ್ಗೆ ಇತ್ತು. ಆರೋಪಿಯ ಸ್ವಇಚ್ಛಾ ಹೇಳಿಕೆಯನ್ನು ಠಾಣೆಯಲ್ಲಿ ಬರೆದು ಮುಗಿಸಿ, ಆಮೇಲೆ ಪಂಚರಿಗೆ, ಅಂದರೆ ಮಹಜರಿಗೆ ಸಾಕ್ಷಿಯಾಗಿ ನಿಲ್ಲುವ ಹೊರಗಿನವರಿಗೆ, ಹೇಳಿಕಳುಹಿಸಿ, ಅವರನ್ನು ಜೀಪಿಗೆ ಹತ್ತಿಸಿಕೊಂಡು ಮಚ್ಚು ಇದ್ದ ಕಡೆ ಹೋಗಿದ್ದೆ. ಪಾಟೀ ಸವಾಲಿನಲ್ಲಿ ಒಬ್ಬ ಪಂಚ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದ: "ಅವನು ಠಾಣೇಲಿ ಏನು ಹೇಳಿದ ಅಂತ ನನಗೆ ಗೊತ್ತಿಲ್ಲ. ನಾವು ಹೋಗೋ ಹೊತ್ತಿಗೆ ಮಚ್ಚು ಪೊದೆ ಹತ್ತಿರ ಬಿದ್ದಿತ್ತು." ಅಷ್ಟಕ್ಕೆ ಮಚ್ಚಿನ ಬೆಲೆ ಹೋಯಿತು. ಉಳಿದ ಸಾಕ್ಷ್ಯ ಸಾಲಲಿಲ್ಲ, ಅನುಮಾನದ ಲಾಭ ಆರೋಪಿಗೆ ಹೋಯಿತು. ತೀರಿಕೊಂಡವನ ತಾಯಿ ನನ್ನ ಮುಂದೆ ಕೂತು ಅತ್ತದ್ದು ನೆನಪಾಯಿತು. ಅದಕ್ಕಿಂತಲೂ ನನ್ನ ನಿದ್ದೆಗೆಡಿಸಿದ ಸಂಗತಿ ಇನ್ನೊಂದಿತ್ತು: ಆ ಆರು ವರ್ಷಗಳಲ್ಲಿ ಎಲ್ಲ ಕೇಸಿನಲ್ಲೂ ನಾನು ಜಪ್ತಿ ಮಾಡಿದ್ದು ಅದೇ ರೀತಿಯಲ್ಲಿ.

ಪೊಲೀಸರ ಎದುರು ಆರೋಪಿ ತಪ್ಪೊಪ್ಪಿಕೊಂಡರೆ ಅದು ಸಾಕ್ಷ್ಯ ಆಗುವುದಿಲ್ಲ. ಅವನ ಮಾತಿನಿಂದ ಹೊಸದಾಗಿ ಏನಾದರೂ ಪತ್ತೆಯಾದರೆ, ಪತ್ತೆಗೆ ನೇರವಾಗಿ ಸಂಬಂಧಪಟ್ಟ ಅಷ್ಟು ಮಾತು ಮಾತ್ರ ನಿಲ್ಲುತ್ತದೆ. ಹಳೆಯ ಸಾಕ್ಷ್ಯ ಅಧಿನಿಯಮದಲ್ಲಿ ಇದು 27ನೇ ಕಲಂ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 23ನೇ ಕಲಮಿನೊಳಗೆ ಸೇರಿದೆ. ಆ ಮಾತು ಅವನ ಬಾಯಿಂದಲೇ ಬಂತು ಎಂದು ಹೇಳುವವರು ಪಂಚರು. ಅವರು ಕೇಳಿಸಿಕೊಳ್ಳದೆ ಇದ್ದರೆ ಉಳಿಯುವುದು ಪೊಲೀಸರ ಮಾತೊಂದೇ. 2022ರ ಅಕ್ಟೋಬರ್‌ನಲ್ಲಿ ನಮ್ಮ ರಾಜ್ಯದ್ದೇ ಒಂದು ಕೊಲೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿತು: ಮೊದಲು ಇಬ್ಬರು ಸ್ವತಂತ್ರ ಪಂಚರನ್ನು ಠಾಣೆಗೇ ಕರೆಸಬೇಕು, ಅವರ ಎದುರಿನಲ್ಲಿ ಆರೋಪಿ ಹೇಳಬೇಕು, ಅವನ ಮಾತನ್ನೇ ಬರೆದು ಮಹಜರಿನ ಮೊದಲ ಭಾಗ ಮುಗಿಸಬೇಕು, ಆಮೇಲೆ ಎಲ್ಲರೂ ಸೇರಿ ಜಾಗಕ್ಕೆ ಹೊರಡಬೇಕು. ಹೈಕೋರ್ಟ್ ಕೊಟ್ಟಿದ್ದ ಶಿಕ್ಷೆ ಆ ಕೇಸಿನಲ್ಲಿ ರದ್ದಾಯಿತು. ಆ ತೀರ್ಪು ಓದಿದಾಗ ನನ್ನ ಮಚ್ಚಿನ ಕೇಸೇ ಕಣ್ಣ ಮುಂದೆ ಬಂತು.

ಅನುಭವ ಸಾಲದು ಎಂದು ನಾನು ಹೇಳುವುದು ಇದಕ್ಕೇ. ಅಡುಗೆಯವನು ಸಾರಿಗೆ ಉಪ್ಪು ಜಾಸ್ತಿ ಹಾಕಿದರೆ ಮೊದಲ ಪಂಕ್ತಿಯಲ್ಲೇ ಗೊತ್ತಾಗುತ್ತದೆ, ಎರಡನೇ ಪಂಕ್ತಿಗೆ ಸರಿಮಾಡುತ್ತಾನೆ. ತನಿಖಾಧಿಕಾರಿ ಮಾಡಿದ ತಪ್ಪು ಹೊರಬೀಳುವುದು ವರ್ಷಗಟ್ಟಲೆ ಆದಮೇಲೆ, ಬೇರೆ ಊರಿನ ಕೋರ್ಟ್ ಹಾಲಿನಲ್ಲಿ, ಅವನು ಇಲ್ಲದಾಗ. ಅಷ್ಟರಲ್ಲಿ ಅದು ಅವನ ಕೈಗೆ ಅಂಟಿಕೊಂಡಿರುತ್ತದೆ. ಸಾಲದ್ದಕ್ಕೆ ಕೈಕೆಳಗಿನ ಹುಡುಗರಿಗೂ ಅದನ್ನೇ ಕಲಿಸಿರುತ್ತಾನೆ. ಒಂದೊಂದು ಠಾಣೆಯಲ್ಲಿ ಹಳೇ ಫೈಲು ಮುಂದಿಟ್ಟುಕೊಂಡು ಹೆಸರು, ತಾರೀಖು ಬದಲಾಯಿಸಿ ಮಹಜರು ಬರೆಯುವ ರೂಢಿ ಇದೆ. ಹಾಗಾದಾಗ ತಪ್ಪೂ ಅಚ್ಚುಕಟ್ಟಾಗಿ ನಕಲಾಗುತ್ತಾ ಹೋಗುತ್ತದೆ.

ಇದನ್ನು ಸುಪ್ರೀಂ ಕೋರ್ಟ್ 2014ರ ಜನವರಿಯಲ್ಲೇ ಗುರುತಿಸಿತ್ತು. ಗುಜರಾತಿನಲ್ಲಿ ಆರು ವರ್ಷದ ಮಗುವಿನ ಮೇಲೆ ಅತ್ಯಾಚಾರವಾಗಿ ಕೊಲೆಯಾದ ಪ್ರಕರಣ ಅದು. ವಿಚಾರಣಾ ನ್ಯಾಯಾಲಯ ಮರಣದಂಡನೆ ಕೊಟ್ಟಿತ್ತು, ಹೈಕೋರ್ಟ್ ಖುಲಾಸೆ ಮಾಡಿತು, ಸುಪ್ರೀಂ ಕೋರ್ಟ್ ಖುಲಾಸೆಯನ್ನೇ ಎತ್ತಿಹಿಡಿಯಬೇಕಾಯಿತು. ತನಿಖೆಯ, ಪ್ರಾಸಿಕ್ಯೂಷನ್ನಿನ ಲೋಪಗಳನ್ನು ಒಂದೊಂದಾಗಿ ಎಣಿಸಿದ ಮೇಲೆ, ಖುಲಾಸೆಯಾದ ಪ್ರತಿ ಪ್ರಕರಣವನ್ನೂ ಹಿರಿಯ ಅಧಿಕಾರಿಗಳ ಸಮಿತಿ ಪರಿಶೀಲಿಸಬೇಕು, ಎಲ್ಲಿ ತಪ್ಪಾಯಿತು ಎಂಬುದನ್ನು ತನಿಖಾಧಿಕಾರಿಗಳ ತರಬೇತಿಗೆ ಪಾಠವಾಗಿ ಸೇರಿಸಬೇಕು ಎಂದು ಎಲ್ಲ ರಾಜ್ಯಗಳಿಗೆ ನಿರ್ದೇಶನ ಕೊಟ್ಟಿತು. ನನ್ನ ಮಟ್ಟಿಗೆ ತನಿಖಾ ತರಬೇತಿ ಎಂದರೆ ಇದೇ. ಕೋರ್ಟಿನಲ್ಲಿ ಬಿದ್ದ ಕೇಸು ಮತ್ತೆ ಪೊಲೀಸರ ಕೈಗೆ ಬಂದು ಸೇರುವ ಜಾಗ ಅದು. ಇಂಗ್ಲೆಂಡಿನಲ್ಲೂ ಹೀಗೇ ಆಯಿತು. ಗಿಲ್ಡ್‌ಫರ್ಡ್, ಬರ್ಮಿಂಗ್‌ಹ್ಯಾಮ್ ಬಾಂಬ್ ಪ್ರಕರಣಗಳಲ್ಲಿ ಹದಿನೈದು ವರ್ಷದ ಆಸುಪಾಸು ಜೈಲಿನಲ್ಲಿದ್ದವರ ಶಿಕ್ಷೆ 1989ರಲ್ಲಿ, 1991ರಲ್ಲಿ ರದ್ದಾದ ಮೇಲೆಯೇ ಅಲ್ಲಿನ ಪೊಲೀಸರಿಗೆ ವಿಚಾರಣೆ ಮಾಡುವ ಬಗೆಯನ್ನು ಮೊದಲಿನಿಂದ ಕಲಿಸಲು ಶುರುಮಾಡಿದ್ದು.

ಹಾಗಾದರೆ ತರಗತಿಯಲ್ಲಿ ಮಾಡುವುದೇನು? ಎರಡು ಪಾಠ ಹೇಳುತ್ತೇನೆ.

ಮೊದಲನೆಯದಕ್ಕೆ ಮಟನ್ ಅಂಗಡಿಯಿಂದ ಒಂದು ಡಬ್ಬಿ ರಕ್ತ ಬೇಕು, ಎರಡು ಹಳೇ ಅಂಗಿ ಬೇಕು. ಎರಡಕ್ಕೂ ರಕ್ತ ಹಚ್ಚಿ, "ಪ್ಯಾಕ್ ಮಾಡಿ" ಎಂದು ಹೇಳುತ್ತೇನೆ. ಅನುಭವಿ ಹೆಡ್ ಕಾನ್‌ಸ್ಟೇಬಲ್ ಒಬ್ಬರು ಎದ್ದು ಬಂದು ಹಸಿ ಅಂಗಿಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ದಾರ ಬಿಗಿದು, ಅರಗು ಮುದ್ರೆ ಒತ್ತುತ್ತಾರೆ. ಕೈ ಎಲ್ಲೂ ತಡವರಿಸುವುದಿಲ್ಲ, ಅಷ್ಟು ಸಲ ಮಾಡಿದ್ದಾರೆ. ಇನ್ನೊಂದು ಅಂಗಿಯನ್ನು ಫ್ಯಾನಿಲ್ಲದ ಕೋಣೆಯ ನೆರಳಲ್ಲಿ ಒಣಗಿಸಿ, ಬಿಳಿ ಕಾಗದದಲ್ಲಿ ಸುತ್ತಿ, ಕಾಗದದ ಕವರಿಗೆ ಹಾಕಿಸುತ್ತೇನೆ. ಎರಡನ್ನೂ ಬೀರುವಿನಲ್ಲಿಟ್ಟು ಬೀಗ ಹಾಕಿ, ಹತ್ತು ದಿನ ಬಿಟ್ಟು ಎಲ್ಲರ ಮುಂದೆ ತೆಗೆಯುತ್ತೇವೆ. ಪ್ಲಾಸ್ಟಿಕ್ ಬಿಚ್ಚಿದ ಕೂಡಲೇ ಮುಂದಿನ ಸಾಲಿನವರು ಮೂಗು ಮುಚ್ಚಿಕೊಳ್ಳುತ್ತಾರೆ. ಒಳಗೆ ನೀರು ಬೆವತಿರುತ್ತದೆ, ರಕ್ತವಿದ್ದ ಕಡೆ ಬೂಸು ಹಿಡಿದು ಬಟ್ಟೆ ಹಸಿರು ತಿರುಗಿರುತ್ತದೆ. ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯದವರು ಇಂಥದ್ದರಿಂದ ಡಿಎನ್‌ಎ ಹೇಗೆ ತೆಗೆಯಬೇಕು? ಕಾಗದದ ಪೊಟ್ಟಣದಲ್ಲಿದ್ದ ಕಲೆ ಒಣಗಿ ಕಂದಾಗಿ, ಹಾಕಿಟ್ಟ ಹಾಗೇ ಇರುತ್ತದೆ. ಒಂದು ಸಲ ಆ ಹೆಡ್ ಕಾನ್‌ಸ್ಟೇಬಲ್ ಅಂಗಿಯನ್ನು ಬಹಳ ಹೊತ್ತು ನೋಡಿ, "ಇಷ್ಟು ವರ್ಷ ನಾವು ಕಳಿಸಿದ್ದೆಲ್ಲ ಹೀಗೇ ಆಗ್ತಿತ್ತಾ ಸಾರ್?" ಎಂದು ಕೇಳಿದರು. ತಪ್ಪು ಅವರದಲ್ಲ. ಅವರು ಕಟ್ಟಿದ ಪೊಟ್ಟಣವನ್ನು ಬಿಚ್ಚಿದಾಗ ಅವರಿಗೆ ಯಾರೂ ತೋರಿಸಿರಲಿಲ್ಲ.

ಎರಡನೆಯದು ಹೇಳಿಕೆ ಬರೆಯುವ ಪಾಠ. ಇಬ್ಬರು ಪ್ರಶಿಕ್ಷಣಾರ್ಥಿಗಳಿಂದ ಮೆಸ್ಸಿನ ಹಿಂದೆ ಸುಳ್ಳು ಜಗಳ ಮಾಡಿಸುತ್ತೇನೆ. ಅಡುಗೆಗೆ ಸಹಾಯ ಮಾಡುವ ಅಕ್ಕ ಅದನ್ನು ನೋಡುತ್ತಾರೆ. ಆಮೇಲೆ ನಾಲ್ಕೈದು ಮಂದಿ ಬೇರೆಬೇರೆಯಾಗಿ ಅವರ ಹೇಳಿಕೆ ಬರೆದುಕೊಳ್ಳಬೇಕು. ಅಕ್ಕ ಹೇಳುವುದು ಇಷ್ಟು: "ಉದ್ದಕಿರೋನು ಬಂದ, ಇನ್ನೊಬ್ಬನ ಕಾಲರ್ ಹಿಡ್ದ, ನಾನು ಪಾತ್ರೆ ಅಲ್ಲೇ ಬಿಟ್ಟು ಒಳಗೋದೆ." ಹಾಳೆಯ ಮೇಲೆ ಬಂದಿರುವುದು: "ಸದರಿ ಆರೋಪಿಯು ಏಕಾಏಕಿ ಬಂದು ಅವಾಚ್ಯ ಶಬ್ದಗಳಿಂದ ನಿಂದಿಸಿ, ಕೈಗಳಿಂದ ಹೊಡೆದು, ಪ್ರಾಣ ಬೆದರಿಕೆ ಹಾಕಿರುತ್ತಾನೆ." ಓದಿ ಹೇಳಿದರೆ ಅಕ್ಕನಿಗೆ ಗಾಬರಿಯಾಗುತ್ತದೆ. "ನಾನು ಇದನ್ನೆಲ್ಲ ಹೇಳ್ಲಿಲ್ಲ ಸಾರ್, ಬೈದಿದ್ದು ನಂಗೆ ಕೇಳಿಸ್ಲೇ ಇಲ್ಲ." ಕೋರ್ಟಿನಲ್ಲಿ ಸಾಕ್ಷಿ ಹೀಗೆಂದಾಗ ನಾವು ಏನು ಹೇಳುತ್ತೇವೆ? ಹಾಸ್ಟೈಲ್ ಆದರು, ನಮಗೇ ತಿರುಗಿಬಿದ್ದರು ಅನ್ನುತ್ತೇವೆ. ದುಡ್ಡು ತಗೊಂಡಿರಬೇಕು ಅನ್ನುತ್ತೇವೆ. ಹೊಲದಲ್ಲಿ ಕಳೆ ಕೀಳುವ ಹೆಂಗಸು "ಸದರಿ" ಎಂದು ಮಾತಾಡುವುದಿಲ್ಲ ಎಂಬುದು ಡಿಫೆನ್ಸ್ ವಕೀಲರಿಗೆ ಗೊತ್ತು, ನ್ಯಾಯಾಧೀಶರಿಗೂ ಗೊತ್ತು. ಸಾಕ್ಷಿಯ ಮಾತನ್ನು ಸಾಕ್ಷಿಯ ಕನ್ನಡದಲ್ಲೇ ಬರೆಯಿರಿ, ಕಾಲರ್ ಅಂದರೆ ಕಾಲರ್ ಅಂತಲೇ ಬರೆಯಿರಿ ಎಂದು ಕಲಿಸಲು ನನಗೆ ಎರಡು ದಿನ ಹಿಡಿಯುತ್ತದೆ. "ಏನಾಯ್ತಮ್ಮ?" ಎಂದು ಕೇಳಿ ಆಮೇಲೆ ಬಾಯಿ ಮುಚ್ಚಿಕೊಂಡು ಕೂರುವುದು ಎಲ್ಲಕ್ಕಿಂತ ಕಷ್ಟದ ಪಾಠ. ಮಕ್ಕಳ ಕೇಸಿನಲ್ಲಿ ಇನ್ನೂ ಕಷ್ಟ. ಸಮವಸ್ತ್ರದಲ್ಲಿ ಹೋಗಬಾರದು ಎಂದು 2012ರ ಪೋಕ್ಸೊ ಕಾಯ್ದೆ ಹೇಳುತ್ತದೆ, ಆದರೆ ಮಫ್ತಿಯಲ್ಲಿ ಹೋದರೂ ದನಿಯಲ್ಲಿ ಠಾಣೆ ಉಳಿದಿರುತ್ತದೆ.

ಮಂಪರು ಪರೀಕ್ಷೆ ಮಾಡಿಸಿದರೆ ಇಷ್ಟೆಲ್ಲ ಯಾಕೆ ಬೇಕು ಎಂದು ಹುಡುಗರು ಕೇಳುವುದುಂಟು. ಒಪ್ಪಿಗೆಯಿಲ್ಲದೆ ಮಾಡುವಂತಿಲ್ಲ ಎಂದು 2010ರಲ್ಲಿ, ಕರ್ನಾಟಕದಿಂದ ಸುಪ್ರೀಂ ಕೋರ್ಟಿಗೆ ಹೋದ ಸೆಲ್ವಿ ಪ್ರಕರಣದಲ್ಲೇ ತೀರ್ಮಾನವಾಗಿದೆ.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಸೈಬರ್ ತನಿಖೆಯಲ್ಲಿ ನಮ್ಮ ರಾಜ್ಯ ಹಿಂದೆ ಬಿದ್ದಿಲ್ಲ. ದೇಶದ ಮೊದಲ ಸೈಬರ್ ಪೊಲೀಸ್ ಠಾಣೆ 2001ರಲ್ಲಿ ಬೆಂಗಳೂರಿನಲ್ಲೇ ಆಯಿತು, ಸಿಐಡಿಯಲ್ಲಿ ಸೈಬರ್ ತನಿಖೆಗೆಂದೇ ತರಬೇತಿ ಕೇಂದ್ರವಿದೆ. ಅಲ್ಲಿಗೆ ಪೊಲೀಸರ ಜೊತೆ ಪ್ರಾಸಿಕ್ಯೂಟರುಗಳೂ ಬಂದು ಕಲಿಯುತ್ತಾರೆ, ಅದು ನನಗೆ ಬಹಳ ಇಷ್ಟವಾದ ಕ್ರಮ. ಹೈದರಾಬಾದಿನಲ್ಲಿ 1964ರಿಂದ ಕೇಂದ್ರದ ಪತ್ತೇದಾರಿ ತರಬೇತಿ ಸಂಸ್ಥೆ ನಡೆಯುತ್ತಿದೆ. ಧಾರವಾಡಕ್ಕೆ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ ಬಂದಿದೆ. ಹೊಸ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಶೋಧನೆ, ಜಪ್ತಿ ಎರಡನ್ನೂ ವಿಡಿಯೋ ಮಾಡಲೇಬೇಕು, ಏಳು ವರ್ಷ ಅಥವಾ ಮೇಲ್ಪಟ್ಟ ಶಿಕ್ಷೆಯ ಅಪರಾಧವಾದರೆ ವಿಧಿವಿಜ್ಞಾನದವರು ಸ್ಥಳಕ್ಕೆ ಬರಬೇಕು. ಈ ಕೊನೆಯದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷದ ಅವಕಾಶವಿದೆ. ಆದರೆ ಅವರು ಬರುವವರೆಗೆ ಬಾಗಿಲಲ್ಲಿ ನಿಂತು ಯಾರೂ ಒಳಗೆ ಹೋಗದಂತೆ ತಡೆಯುವವನು ಬೀಟ್ ಕಾನ್‌ಸ್ಟೇಬಲ್. ಊರ ಹಿರಿಯರು, ಪುಢಾರಿಗಳು, ಕೊನೆಗೆ ತನ್ನ ಮೇಲಧಿಕಾರಿಗೂ "ಒಳಗೆ ಬರಬೇಡಿ ಸಾರ್" ಅನ್ನುವ ಧೈರ್ಯವನ್ನು ಅವನಿಗೂ ಕಲಿಸಬೇಕು. ನಮ್ಮ ವಿಶೇಷ ತರಬೇತಿಗಳು ಅವನವರೆಗೆ ಇಳಿಯುತ್ತಿಲ್ಲ ಎಂಬುದು ನನ್ನ ದೊಡ್ಡ ಕೊರಗು.

ಇನ್ನೊಂದು ಕೊರಗಿದೆ. ತರಬೇತಿಗೆ ಯಾರನ್ನು ಕಳಿಸುತ್ತಾರೆ ನೋಡಿ. ಆ ವಾರ ಠಾಣೆಯಲ್ಲಿ ಯಾರಿಲ್ಲದಿದ್ದರೂ ನಡೆಯುತ್ತದೋ ಅವರನ್ನು. ಹಾಗೆ ಬಂದವರಲ್ಲೂ ಚೆನ್ನಾಗಿ ಕಲಿತವರು ಇರುತ್ತಾರೆ. ವಾಪಸ್ ಹೋದ ಮರುದಿನವೇ ಅವರನ್ನು ಜಾತ್ರೆ ಬಂದೋಬಸ್ತಿಗೆ ಹಾಕುತ್ತಾರೆ, ಆಮೇಲೆ ಚುನಾವಣೆ, ಆಮೇಲೆ ವಿಐಪಿ ಡ್ಯೂಟಿ. ತನಿಖೆಯನ್ನೂ ಕಾನೂನು ಸುವ್ಯವಸ್ಥೆಯನ್ನೂ ಬೇರೆ ಮಾಡಿ ಎಂದು 2006ರಲ್ಲೇ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದು ಪೂರ್ತಿಯಾಗಿ ಆಗುವವರೆಗೆ ಒಳ್ಳೆಯ ತರಬೇತಿ ಕೊಟ್ಟೂ ಅರ್ಧ ಕಳೆದುಕೊಳ್ಳುತ್ತಿರುತ್ತೇವೆ.

ಹೊಸ ಪಿಎಸ್‌ಐಗಳು "ನಾವು ಈಗಲೇ ಏನು ಮಾಡಬಹುದು ಸಾರ್?" ಎಂದು ಕೇಳಿದರೆ ಒಂದು ಕೆಲಸ ಹೇಳುತ್ತೇನೆ. ಇ-ಕೋರ್ಟ್ಸ್ ಜಾಲತಾಣದಲ್ಲಿ ಠಾಣೆಯ ಹೆಸರು, ಎಫ್‌ಐಆರ್ ನಂಬರ್, ವರ್ಷ ಹಾಕಿದರೆ ಕೇಸು ಯಾವ ಹಂತದಲ್ಲಿದೆ ಎಂದು ಕಾಣುತ್ತದೆ. ನಿಮ್ಮ ಕೈಯಿಂದ ಹೋದ ಚಾರ್ಜ್‌ಶೀಟುಗಳ ಪಟ್ಟಿಯನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ, ವರ್ಗಾವಣೆಯಾದರೆ ಜೊತೆಗೆ ಒಯ್ಯಿರಿ. ತಿಂಗಳಿಗೊಮ್ಮೆ ಕೂತು ನೋಡಿ. ತೀರ್ಪಾಗಿದ್ದರೆ ತೆಗೆದು ಓದಿ. ಖುಲಾಸೆಯಾಗಿದ್ದರೆ ಮಹಜರು, ಪಂಚರು, ತಡ, ಮುದ್ದೆಮಾಲು (ಜಪ್ತಿಯಾದ ವಸ್ತು) ಈ ಪದಗಳು ಎಲ್ಲಿ ಬಂದಿವೆಯೋ ಅಲ್ಲಿ ನಿಧಾನವಾಗಿ ಓದಿ, ಆಮೇಲೆ ಆ ಕೇಸು ನಡೆಸಿದ ಸರ್ಕಾರಿ ವಕೀಲರ (ಪಿಪಿ ಸಾಹೇಬರ) ಹತ್ತಿರ ಹೋಗಿ ಅರ್ಧ ಗಂಟೆ ಕೂತು ಮಾತಾಡಿ. ನನ್ನ ನೋಟ್‌ಬುಕ್ ಆ ಟೀ ಅಂಗಡಿಯ ದಿನದಿಂದ ಶುರುವಾಗುತ್ತದೆ, ಮೊದಲ ಸಾಲಿನಲ್ಲಿ ಮಚ್ಚಿನ ಕೇಸಿನ ನಂಬರಿದೆ.