ರೆಕಾರ್ಡ್ ರೂಮಿಗೆ ಒಬ್ಬರು ಬೇಕು, ಪೂರ್ತಿ ಒಬ್ಬರು

ಹಾವೇರಿ ಜಿಲ್ಲೆಯ ಒಂದು ಕಚೇರಿಯಲ್ಲಿ ಆರು ವರ್ಷ ರೆಕಾರ್ಡ್ ರೂಮ್, ಅಂದರೆ ಹಳೇ ಕಡತ ಇಡುವ ಕೋಣೆ, ನೋಡಿಕೊಂಡೆ. ನನ್ನ ಹುದ್ದೆ ದ್ವಿತೀಯ ದರ್ಜೆ ಸಹಾಯಕ, ಅಂದರೆ ಎಸ್‌ಡಿಎ. ಆವಕ-ಜಾವಕದ (ಬರುವ, ಹೋಗುವ ಪತ್ರಗಳ ದಾಖಲೆ) ಜೊತೆ ಇದನ್ನೂ ನೋಡಿಕೊಳ್ಳಿ ಅಂತ ಬೀಗದ ಕೈ ಕೊಟ್ಟರು. ತರಬೇತಿ ಇರಲಿಲ್ಲ.

ರೆಕಾರ್ಡ್ ಕೀಪರ್ ಅಂದ್ರೆ ನಕಲು ಕೊಡುವವರು ಅಂತ ಎಲ್ಲರೂ ತಿಳಿದಿದ್ದಾರೆ. ಅಜ್ಜನ ಕಾಲದ ಉತಾರ (ಪಹಣಿ) ಬೇಕು, ಅಪ್ಪನ ಹೆಸರಿಗೆ ಆದ ವರದಿ (ಜಮೀನಿನ ಖಾತೆ ಬದಲಾವಣೆ ದಾಖಲೆ) ಬೇಕು ಅಂತ ಹಳ್ಳಿಯಿಂದ ಜನ ಬೆಳಿಗ್ಗೆಯೇ ಬಸ್ ಹತ್ತಿ ಬಂದಿರುತ್ತಾರೆ, ಅವರ ಅರ್ಜಿ ತಗೊಂಡು ಕಡತ ಕಟ್ಟಿಟ್ಟ ರುಮಾಲು ಬಿಚ್ಚಿ ಹುಡುಕಿ ಕೊಡಬೇಕು. ಇದು ನಿಜವಾದ ಕೆಲಸವೇ. ಆದರೆ ಇದರ ಹಿಂದೆ ಇನ್ನೂ ಎರಡು ಕೆಲಸ ಇವೆ. ಮುಗಿದ ಕಡತಗಳನ್ನು ಶಾಖೆಗಳಿಂದ ಪುಟ ಎಣಿಸಿ, ಪಟ್ಟಿ ಮಾಡಿ ಒಳಗೆ ತಗೊಳ್ಳೋದು ಒಂದು. ಯಾವುದು 'ಎ' ವರ್ಗ, ಅಂದರೆ ಶಾಶ್ವತವಾಗಿ ಇರಬೇಕು, ಯಾವುದರ ಅವಧಿ ಮುಗಿದಿದೆ ಅಂತ ನೋಡಿ, ಒಪ್ಪಿಗೆ ಪಡೆದು ನಾಶ ಮಾಡೋದು ಇನ್ನೊಂದು. ನಕಲಿಗೆ ಕಿಟಕಿ ಮುಂದೆ ಜನ ನಿಂತಿರುತ್ತಾರೆ, ಹಾಗಾಗಿ ಅದು ನಡೆಯುತ್ತದೆ. ಉಳಿದ ಎರಡಕ್ಕೆ ಯಾರೂ ಬಂದು ಕೇಳಲ್ಲ, ಅಲ್ವಾ? ನಿಂತುಹೋಗುತ್ತವೆ. ಹತ್ತು ವರ್ಷ ಆದಮೇಲೆ ಯಾರೋ ಅರ್ಜಿ ಹಾಕಿದರೆ 'ಕಡತ ಲಭ್ಯವಿಲ್ಲ' ಅಂತ ಉತ್ತರ ಹೋಗುತ್ತದೆ. ಕಡತ ಒಳಗೇ ಇರುತ್ತದೆ, ಪಟ್ಟಿಯಲ್ಲಿ ಇರುವುದಿಲ್ಲ.

2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಂ ಎಲ್ಲ ದಾಖಲೆಗಳಿಗೂ ಪಟ್ಟಿ, ಸೂಚಿ ಇರಬೇಕು ಅನ್ನುತ್ತದೆ. 30 ದಿನದಲ್ಲಿ ಉತ್ತರ ಕೊಡಲು ಕಚೇರಿಯಲ್ಲಿ ಮಾಹಿತಿ ಅಧಿಕಾರಿ ಇದ್ದಾರೆ. ಸೂಚಿ ಬರೆಯಲು ಮಾತ್ರ ನಮ್ಮಲ್ಲಿ ಯಾರೂ ಇರಲಿಲ್ಲ. ನನಗೆ ಸಿಟ್ಟು ಬರೋದು ಇಲ್ಲೇ.

ನಮ್ಮ ಭಾಗದ ಕಷ್ಟ ಇನ್ನೂ ಒಂದಿದೆ. 1956ರವರೆಗೆ ನಾವು ಮುಂಬೈ ಆಡಳಿತದಲ್ಲಿದ್ದೆವು, ಹಳೇ ಕಾಗದಗಳಲ್ಲಿ ಮರಾಠಿ ಇದೆ, ಮರಾಠಿಯನ್ನು ಕೂಡಿಸಿ ಬರೆಯುತ್ತಿದ್ದ ಹಳೇ ಮೋಡಿ ಲಿಪಿ ಇದೆ. 1997ರಲ್ಲಿ ಗದಗ, ಹಾವೇರಿ ಧಾರವಾಡದಿಂದ ಒಡೆದು ಬೇರೆ ಜಿಲ್ಲೆಗಳಾದವು. ಹಾಗಾಗಿ ಜಿಲ್ಲಾ ಮಟ್ಟದ ಹಳೇ ಕಡತ ಅಂದರೆ ಧಾರವಾಡವನ್ನೂ ವಿಚಾರಿಸಬೇಕು. ಮೋಡಿ ಕಾಗದ ಬಂದಾಗ ನಾನು ಒಬ್ಬ ನಿವೃತ್ತ ಮೇಷ್ಟ್ರ ಮನೆಗೆ ನಕಲು ಹಿಡಿದು ಹೋಗುತ್ತಿದ್ದೆ. ಅವರು ಪ್ರೀತಿಯಿಂದ ಓದಿ ಹೇಳುತ್ತಿದ್ದರು. ಜಿಲ್ಲೆಗೊಬ್ಬರು ಮೋಡಿ ಓದುವವರನ್ನು ಸಂಬಳ ಕೊಟ್ಟು ಇಟ್ಟುಕೊಳ್ಳಬಾರದಾ?

ಈಗ ಎಲ್ಲ ಸ್ಕ್ಯಾನ್ ಆಗುತ್ತಿದೆಯಲ್ಲ ಅನ್ನುತ್ತಾರೆ. ಆಗಲಿ, ಖುಷಿಯೇ. ಆದರೆ ಸ್ಕ್ಯಾನ್ ಮಾಡುವ ಹುಡುಗರು ಹೊರಗುತ್ತಿಗೆಯವರು. ಊರು, ಸರ್ವೆ ನಂಬರು, ವರ್ಷ ಟೈಪ್ ಮಾಡುವಾಗ ಒಂದು ಅಂಕಿ ತಪ್ಪಿದರೂ ಆ ಕಾಗದ ಕಂಪ್ಯೂಟರಿನೊಳಗೆ ಕಳೆದುಹೋದ ಹಾಗೆಯೇ. ಪಕ್ಕದಲ್ಲಿ ದಾಖಲೆ ಗೊತ್ತಿದ್ದ ಒಬ್ಬರು ಕೂರಲೇಬೇಕು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಗ್ರಂಥಾಲಯ ವಿಜ್ಞಾನ ಓದಿದ ಮಕ್ಕಳು ಕೆಲಸ ಹುಡುಕುತ್ತಿದ್ದಾರೆ. ಅಂಥವರನ್ನು ತಾಲ್ಲೂಕಿಗೆ ಒಬ್ಬರಂತೆ ತಗೊಳ್ಳಿ, ಕೆಳಗೆ ಇಬ್ಬರು ಸಹಾಯಕರನ್ನು ಕೊಡಿ, ಐದು ವರ್ಷ ವರ್ಗ ಮಾಡಬೇಡಿ. ನನಗೆ ಆ ರೂಮಿನ ಕಪಾಟುಗಳು ಅರ್ಥವಾಗಲಿಕ್ಕೇ ಎರಡು ವರ್ಷ ಹಿಡಿಯಿತು.

ವರ್ಗವಾದಾಗ ಒಂದು ನೋಟ್‌ಬುಕ್‌ನಲ್ಲಿ ಯಾವ ಹೋಬಳಿಯ ಗಂಟು ಯಾವ ಕಪಾಟಿನಲ್ಲಿದೆ ಅಂತ ಬರೆದಿಟ್ಟು ಬಂದೆ. ಮೊನ್ನೆ ಈಗಿನವರು ಫೋನ್ ಮಾಡಿದ್ದರು. 'ಅಣ್ಣಾರ, ನೋಟ್‌ಬುಕ್ಕಿನ್ಯಾಗ ಬರದದ್ದು ಸಿಗವಲ್ದು' ಅಂದರು. ಬಾಗಿಲ ಹಿಂದಿನ ಕಪಾಟು, ಕೆಳಗಿನ ಖಾನೆ ನೋಡಿ ಅಂದೆ. ಸಿಕ್ಕಿತು. ಅವರಿಗೂ ಚುನಾವಣೆ ಕೆಲಸ ಹಾಕಿದ್ದಾರಂತೆ, ಸೋಮವಾರದಿಂದ ರೂಮಿಗೆ ಬೀಗ.