ಮಷಿನ್ ಯಾರ್ದು?

ಯುಗಾದಿ ಊಟಕ್ಕೆ ಎಲ್ರೂ ಸೀರೆ ಉಟ್ಕೊಂಡ್ ಬರ್ಬೇಕು ಅಂತ ಇಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯ ನಮ್ಮ ಕನ್ನಡದೋರ ವಾಟ್ಸಾಪ್ ಗ್ರೂಪಲ್ಲಿ ತೀರ್ಮಾನ ಆಯ್ತು. ತೀರ್ಮಾನ ಮಾಡಿದ್ದು ಗಂಡಸರು, ಉಡೋದು ಅವರಲ್ವಲ್ಲ. ಸೀರೆ ಇತ್ತು ನನ್ನತ್ರ, ತೊಂದ್ರೆ ಬ್ಲೌಸಿಂದು. ಇಲ್ಲಿನ ಚಳಿಗಾಲ ಕಳೆದೋರಿಗೆ ಗೊತ್ತಿರತ್ತೆ, ಡಿಸೆಂಬರಲ್ಲಿ ಮಧ್ಯಾಹ್ನ 3 ಗಂಟೆ ದಾಟ್ತಿದ್ದಂಗೆ ಸೂರ್ಯ ಗಂಟುಮೂಟೆ ಕಟ್ಟಿದ್ರೆ ಮನುಷ್ಯ ದಾಲ್ಚಿನ್ನಿ ಬನ್ ತಿನ್ನೋದು ಬಿಟ್ಟು ಇನ್ನೇನ್ ಮಾಡ್ತಾನೆ. ಕೈ ತೂರತ್ತೆ, ಹುಕ್ ಕೂರಲ್ಲ. ಅಮ್ಮ ಹೊಲಿದಿದ್ದಾದ್ರಿಂದ ಒಳಗಡೆ ಎರಡೂ ಸೈಡು ಧಾರಾಳ ಬಟ್ಟೆ ಬಿಟ್ಟಿದ್ಲು, ಹೊಲಿಗೆ ಬಿಚ್ಚಿ ಪಕ್ಕದಲ್ಲಿ ಇನ್ನೊಂದು ಹಾಕಿದ್ರೆ ಮುಗೀತು. ಬೇಕಾಗಿದ್ದು ಒಂದು ಮಷಿನ್ನು, ಅಷ್ಟೇ.

ಮಷಿನ್ ಲೈಬ್ರರಿಲಿ ಇದೆ ಅಂತ ನನ್ನ ಫ್ಲಾಟ್‌ಮೇಟ್ ಹೇಳಿದ್ಲು. ಇವಳು ಉತ್ತರ ಫಿನ್ಲೆಂಡಿನ ಕಡೆಯೋಳು, ಒಳ್ಳೆ ಹುಡುಗಿ, ಆದ್ರೆ ದಿನಕ್ಕೆ ಇಷ್ಟೇ ಮಾತು ಅಂತ ರೇಷನ್ ಇಟ್ಕೊಂಡಿದಾಳೆ. ಆ ಲೈಬ್ರರಿ ಹೆಸರು "ಓಡಿ" (Oodi), ಅಲ್ಲಿಗೆ ನಾನು ಹೋಗ್ತಾನೇ ಇರ್ತೀನಿ, ನಮ್ಮ ಏರಿಯಾ ಕನ್ನೆಲ್‌ಮ್ಯಾಕಿಲಿ ಲೋಕಲ್ ಟ್ರೈನ್ ಹತ್ತಿ ಸೆಂಟ್ರಲ್ ಸ್ಟೇಷನ್‌ನಲ್ಲಿ ಇಳಿದ್ರೆ ನಡೆಯೋ ದೂರ. ಹೋಗ್ತಿದ್ದಿದ್ದು ಮಾತ್ರ ಸೀದಾ ಮೂರನೇ ಮಹಡಿಗೆ. ಅಲ್ಲಿ ಸುಮಾರು 1,00,000 ಪುಸ್ತಕ, ಒಳಗೇ ಬೆಳೆದ ಗಿಡಗಳು, ಗಾಜಿನಾಚೆ ಪಾರ್ಲಿಮೆಂಟಿನ ಗ್ರಾನೈಟ್ ಕಂಬಗಳು, ಕೂತ್ರೆ ಏಳೋ ಮನಸ್ಸಾಗಲ್ಲ. ಅದರ ಕೆಳಗಿನ ಮಹಡಿನ ಕಣ್ಣೆತ್ತಿ ನೋಡಿರ್ಲಿಲ್ಲ. ನೋಡಿದ್ರೆ ಅದೊಂದು ವರ್ಕ್‌ಶಾಪು. 3ಡಿ ಪ್ರಿಂಟರ್, ಹಾಡು ರೆಕಾರ್ಡ್ ಮಾಡೋ ಸ್ಟುಡಿಯೋ, ಅಡುಗೆ ಮನೆ ಬೇರೆ ಇದೆ, ಆಮೇಲೆ ಸಾಲಾಗಿ ಹೊಲಿಗೆ ಮಷಿನ್ನು, ಬಟ್ಟೆ ಅಂಚಿನ ನೂಲು ಬಿಡದ ಹಾಗೆ ಹೊಲಿಯೋ ಓವರ್‌ಲಾಕ್ ಕೂಡ. ಓವರ್‌ಲಾಕ್ ನೋಡಿ ನಿಂತೇಬಿಟ್ಟೆ, ಅಮ್ಮ ಎಷ್ಟೋ ವರ್ಷದಿಂದ ತಗೋಬೇಕು ತಗೋಬೇಕು ಅಂತ ಅಂದ್ಕೊಂಡೇ ಇರೋ ಐಟಂ ಅದು.

ಭಾನುವಾರ ಕೂತೆ. ಪಕ್ಕದ ಮಷಿನಲ್ಲಿ ಅರವತ್ತು ದಾಟಿದ ಒಬ್ರು ಹಳೇ ಬೆನ್ನಿನ ಬ್ಯಾಗಿಗೆ ತೇಪೆ ಹಾಕ್ತಾ ಇದ್ರು. ನಾನು ಒಂದು ಗೆರೆ ಹೊಲಿದೆ, ತಿರುಗಿಸಿ ನೋಡಿದ್ರೆ ಕೆಳಗಡೆ ದಾರ ಗುಂಗುರು ಗುಂಗುರಾಗಿ ಬಂದಿದೆ. ಅಮ್ಮಂಗೆ ವಿಡಿಯೋ ಕಾಲ್ ಮಾಡಿದೆ. ತಿಪಟೂರಲ್ಲಿ ಆಗ ರಾತ್ರಿ ಊಟದ ಹೊತ್ತು, ಬಾಯಲ್ಲಿ ತುತ್ತು ಇಟ್ಕೊಂಡೇ "ಮೇಲಿನ ಟೆನ್ಷನ್ ಬಿಗಿ ಮಾಡು, ಅಡಿ ದಾರ ಮುಟ್ಟಬೇಡ" ಅಂದ್ಲು. ಮಾಡಿದೆ, ಹೊಲಿಗೆ ನೀಟಾಗಿ ಕೂತ್ಕೊಳ್ತು. ಆಮೇಲೆ ಶುರುವಾಯ್ತು ನೋಡಿ.

"ಗಂಟೆಗೆಷ್ಟು ಬಾಡಿಗೆ?"

"ಬಾಡಿಗೆ ಇಲ್ಲಮ್ಮ, ಫ್ರೀ."

"ಫ್ರೀ ಅಂದ್ರೆ? ಮಷಿನ್ ಯಾರ್ದು?"

"ಲೈಬ್ರರಿದು."

"ಲೈಬ್ರರಿ ಯಾರ್ದು?"

"ಊರೋರ್ದು."

ಸ್ವಲ್ಪ ಹೊತ್ತು ಸುಮ್ನಿದ್ಲು. ಆಮೇಲೆ, "ನೀನೇನ್ ಆ ಊರೋಳಾ?"

ಚುಚ್ಚೋಕೆ ಕೇಳಿದ್ದಲ್ಲ ಅದು. ಅಮ್ಮನ ಮಷಿನ್ ಕಥೆ ಗೊತ್ತಿದ್ರೆ ಅರ್ಥ ಆಗತ್ತೆ. ಉಷಾ ಕಂಪನಿದು, ಕಾಲಲ್ಲಿ ತುಳಿಯೋದಿತ್ತು, ಆಮೇಲೆ ಮೋಟರ್ ಹಾಕ್ಸಿದ್ದು. ನನ್ನ ಪಿಯುಸಿ ಫೀಸು, ಇಂಜಿನಿಯರಿಂಗ್ ಫೀಸು, ಇಲ್ಲಿಗೆ ಬರೋಕೆ ಮಾಡಿದ ಸಾಲದ ಕಂತು, ಎಲ್ಲಾ ಅದರ ಸೂಜಿ ತೂತಲ್ಲೇ ಬಂದಿದ್ದು. ಅದನ್ನ ಯಾರಿಗೂ ಮುಟ್ಟೋಕೆ ಬಿಡಲ್ಲ. ಎದುರು ಮನೆಯೋರು "ಒಂದೇ ಒಂದ್ ಹೊಲಿಗೆ ಅಕ್ಕಾ, ನಾನೇ ಹಾಕ್ಕೋತೀನಿ" ಅಂತ ಬಂದ್ರೆ "ಇಟ್ ಹೋಗಮ್ಮ, ನಾನ್ ಹಾಕಿಡ್ತೀನಿ" ಅಂತಾಳೆ, ಬೇರೆಯೋರು ಕೂತ್ರೆ ಮಷಿನ್ನಿನ ಹದ ಕೆಡತ್ತೆ ಅನ್ನೋದು ಅವಳ ನಂಬಿಕೆ. ಅಂಥೋಳಿಗೆ ಯಾರೋ ಕೂತೆದ್ದು ಹೋದ ಮಷಿನಲ್ಲಿ ಅವಳ ಮಗಳು ಕೂತಿದಾಳೆ, ಯಜಮಾನ ಅನ್ನೋನು ಎಲ್ಲೂ ಕಾಣ್ತಾ ಇಲ್ಲ, ದುಡ್ಡು ಕೇಳೋರೂ ಇಲ್ಲ ಅಂದ್ರೆ ಕೇಳದೇ ಇರ್ತಾಳಾ?

ಕಾರ್ಡ್ ಇದ್ಯಲ್ಲಮ್ಮ ಅಂದೆ. ಹೆಲ್ಮೆಟ್ ಅಂತ ಕರೀತಾರೆ ಈ ಲೈಬ್ರರಿಗಳ ಜಾಲನ, ಹೆಲ್ಸಿಂಕಿ, ಎಸ್ಪೋ, ವಂಟಾ, ಕೌನಿಯೈನೆನ್ ನಾಲ್ಕೂ ಊರಿಗೆ ಒಂದೇ ಕಾರ್ಡು. ಅಮ್ಮ "ಹೂಂ" ಅಂದ್ಲು. ಅವಳ ಆ ಹೂಂ ನಂಗೆ ಗೊತ್ತು, ಗಿರಾಕಿ ನಾಳೆ ದುಡ್ ಕೊಡ್ತೀನಿ ಅಂದಾಗ ಹೇಳೋ ಹೂಂ ಅದು.

ಸೋಮವಾರ ಕ್ಲಾಸಲ್ಲಿ ಕೂತಾಗ್ಲೂ ಅದೇ, ಶನಿವಾರ ಭಾನುವಾರ ಬಿಟ್ಟು ವಾರದ ಮಧ್ಯೆ ಸಿಕ್ಕಿದ ಕ್ಲೀನಿಂಗ್ ಶಿಫ್ಟಲ್ಲಿ ಹೋಟೆಲ್ ರೂಮಿನ ಬೆಡ್‌ಶೀಟ್ ಎಳೀತಾ ಇದ್ದಾಗ್ಲೂ ಅದೇ. ನೀನೇನ್ ಆ ಊರೋಳಾ? ಹೌದು ಅನ್ನೋಕೆ ಲೆಕ್ಕ ಹಾಕ್ದೆ. ಪೇಸ್ಲಿಪ್ಪಲ್ಲಿ ಪೆನ್ಷನ್ ಅಂತ ಕಟ್ ಆಗತ್ತೆ, ನಾನು ಮುದುಕಿ ಆದಾಗ ಎಲ್ಲಿರ್ತೀನೋ ದೇವರಿಗೇ ಗೊತ್ತು. ವಿಳಾಸ ನಗರದ ದಾಖಲೆಲಿ ಇದೆ. ಇಲ್ಲಿ ನಾಗರಿಕರಲ್ದೇ ಇರೋರು ಕೂಡ ಎರಡು ವರ್ಷ ಬಿಡದೇ ವಾಸ ಇದ್ರೆ ನಗರಸಭೆ ಚುನಾವಣೆಲಿ ವೋಟ್ ಹಾಕ್ಬೋದು, ಇದು ಗೊತ್ತಾದಾಗ ನಂಗೆ ನಿಜವಾಗ್ಲೂ ಆಶ್ಚರ್ಯ ಆಗಿತ್ತು. ಆದ್ರೆ 2025ರ ಏಪ್ರಿಲ್ ಚುನಾವಣೆ ಹೊತ್ತಿಗೆ ನಾನು ಬಂದು ವರ್ಷಾನೂ ತುಂಬಿರ್ಲಿಲ್ಲ, ಮುಂದಿನದು 2029ಕ್ಕೆ. ಅಷ್ಟರಲ್ಲಿ ಡಿಗ್ರಿ ಮುಗಿದು ಕೆಲಸ ಹುಡುಕೋ ಪರ್ಮಿಟ್ಟಿನ ಎರಡು ವರ್ಷಾನೂ ಮುಗಿದು ಹೋಗಿರತ್ತೆ. ಅಂದ್ರೆ ಸದ್ಯಕ್ಕೆ ಅರ್ಧ ಊರೋಳು.

ಇದನ್ನ ಇಲ್ಲಿ ಬಹಳ ವರ್ಷದಿಂದ ಇರೋ ಸೀನಿಯರ್ ಒಬ್ರತ್ರ ಹೇಳಿದೆ. ಅವರು ಎಲ್ಲದಕ್ಕೂ ಉತ್ತರ ಇಟ್ಕೊಂಡಿರೋ ಜಾತಿ. "ನಾವು ಫೀಸ್ ಕಟ್ತೀವಲ್ಲಮ್ಮ, ಹಕ್ಕಿದೆ ಬಿಡು" ಅಂದ್ರು. ಯುರೋಪಿನಾಚೆಯಿಂದ ಬಂದೋರಿಗೆ 2017ರಿಂದ ಯೂನಿವರ್ಸಿಟಿ ಫೀಸ್ ಇದೆ, ಸರಿ, ಆದ್ರೆ ಅದು ಹೋಗೋದು ಯೂನಿವರ್ಸಿಟಿಗೆ. ಓಡಿ ಲೈಬ್ರರಿ 2018ರ ಡಿಸೆಂಬರಲ್ಲಿ ಬಾಗಿಲು ತೆಗೆದಿದ್ದು, ಸುಮಾರು 98 ಮಿಲಿಯನ್ ಯೂರೋ ಖರ್ಚು, ಅದನ್ನ ಹಾಕಿದ್ದು ಹೆಲ್ಸಿಂಕಿ ನಗರ ಮತ್ತು ಇಲ್ಲಿನ ಸರ್ಕಾರ. ನನ್ನ ಫೀಸಿಗೂ ಆ ಮಷಿನ್ನಿನ ಸೂಜಿಗೂ ಸಂಬಂಧ ಇಲ್ಲ. ದುಡ್ಡು ಕೊಟ್ಟಿದೀನಿ ಅದಕ್ಕೇ ನಂದು ಅನ್ನೋ ಹಾಗಿದ್ರೆ ಅದು ಬಾಡಿಗೆ ಮಷಿನ್ನೇ ಆಯ್ತಲ್ಲ, ಅಮ್ಮ ಮೊದಲು ಕೇಳಿದ್ದೂ ಅದನ್ನೇ.

ಫ್ಲಾಟ್‌ಮೇಟನ್ನೂ ಕೇಳಿದೆ. ಆ ಲೈಬ್ರರಿ ಯಾರ್ದು ಅನ್ಸತ್ತೆ ನಿಂಗೆ ಅಂತ. ಅವಳು ಕಾಫಿ ಮಗ್ ಕೆಳಗಿಟ್ಟು ನನ್ನ ಮುಖ ನೋಡಿ, "ಯಾಕೆ, ಯಾರಾದ್ರೂ ನಿನ್ನ ಎದ್ದೇಳು ಅಂದ್ರಾ?" ಅಂದ್ಲು. ಇಲ್ಲ ಅಂದೆ. "ಮತ್ತೆ?" ಅಂತ ವಾಪಸ್ ಮಗ್ ಎತ್ಕೊಂಡ್ಲು.

ಇದು ನನ್ನನ್ನ ಅಮ್ಮನ ಪ್ರಶ್ನೆಗಿಂತ ಜಾಸ್ತಿ ಅಲ್ಲಾಡಿಸ್ತು. ಅವಳಿಗೆ ಆ ಪ್ರಶ್ನೆ ಹುಟ್ಟೋದೇ ಯಾರಾದ್ರೂ ಎಬ್ಬಿಸಿದಾಗ. ನಮಗೆ ಕೂರೋಕ್ ಮುಂಚೆನೇ ಹುಟ್ಟತ್ತೆ. ಇಲ್ಲಿನ ಕಾನೂನಲ್ಲೇ ಇದೆ, ಸಾರ್ವಜನಿಕ ಲೈಬ್ರರಿ ಬಳಸೋಕೆ, ಪುಸ್ತಕ ತಗೊಳ್ಳೋಕೆ ದುಡ್ಡು ಕೇಳೋ ಹಾಗಿಲ್ಲ. ಸುವೊಮೆನ್ಲಿನ್ನಾ ಅಂತ ಸಮುದ್ರದಲ್ಲಿ ಒಂದು ಕೋಟೆ, 1748ರಲ್ಲಿ ಸ್ವೀಡನ್ನಿನೋರು ಕಟ್ಟೋಕೆ ಶುರು ಮಾಡಿದ್ದು, ಯುನೆಸ್ಕೋ ಪಟ್ಟಿಲಿರೋ ಜಾಗ. ಅಲ್ಲಿಗೆ ಹೋಗೋ ದೋಣಿಗೆ ನನ್ನ ಮಾಮೂಲಿ ಟ್ರಾಮ್ ಪಾಸೇ ಸಾಕು, ಕೋಟೆ ಬಾಗಿಲಲ್ಲಿ ಟಿಕೆಟ್ ಹರಿಯೋರು ಯಾರೂ ಇಲ್ಲ. ಮೊದಲ ಸಲ ಹೋದಾಗ ನಾನು ಕೌಂಟರ್ ಎಲ್ಲಿ ಅಂತ ಹುಡುಕಾಡಿದ್ದೆ. ಸೋಂಪಾಸೌನಾ ಅಂತ ಇನ್ನೊಂದಿದೆ, ಸ್ವಯಂಸೇವಕರು ನಡ್ಸೋ ಸೌನಾ, ಅಂದ್ರೆ ಕೂತು ಬೆವರು ಸುರಿಸೋ ಬಿಸಿ ಕೋಣೆ, ಹಗಲು ರಾತ್ರಿ ಬಾಗಿಲು ತೆಗೆದೇ ಇರತ್ತೆ, ಬಂದೋರೇ ಸೌದೆ ಹಾಕಿ ಬಿಸಿ ಮಾಡ್ಕೋಬೇಕು.

ಹಾಗಂತ ಇವರೆಲ್ಲ ದೇವರು, ನಾವು ಕೆಟ್ಟೋರು ಅಂತ ಹೇಳ್ತಿಲ್ಲ. ಟ್ರಾಮಲ್ಲಿ ನನ್ನ ಪಕ್ಕದ ಸೀಟು ಕೊನೇವರೆಗೂ ಖಾಲಿ ಇರೋದನ್ನ ನಾನೂ ನೋಡಿದೀನಿ. ಮತ್ತೆ ನಮ್ಮೂರಲ್ಲೂ ಇದರ ಕಾನೂನಿದೆ. 1965ರಲ್ಲೇ ಕರ್ನಾಟಕದ ಗ್ರಂಥಾಲಯ ಕಾಯ್ದೆ ಬಂತು, ಆಸ್ತಿ ತೆರಿಗೆ ಮೇಲೆ 6% ಗ್ರಂಥಾಲಯ ಕರ ಹಾಕ್ತಾರೆ, ಅಮ್ಮನ ಕಂದಾಯದ ರಸೀದಿಲೂ ಆ ಸಾಲು ಇದೆ. ವರ್ಷಾವರ್ಷ ಕಟ್ತಾಳೆ. ತಿಪಟೂರಿನ ಲೈಬ್ರರಿ ಒಳಗೆ ಅವಳು ಯಾವತ್ತೂ ಕಾಲಿಟ್ಟಿಲ್ಲ, ಅದು ಪೇಪರ್ ಓದೋ ಗಂಡಸರದು ಮತ್ತೆ ಪರೀಕ್ಷೆಗೆ ಓದೋ ಹುಡುಗರದು ಅಂತ ಅವಳ ತಲೇಲಿದೆ. ಬುಧವಾರ ಫೋನಲ್ಲಿ ಇದನ್ನ ಹೇಳಿ, "ನೀನೇ ದುಡ್ ಕಟ್ತಿದೀಯಲ್ಲಮ್ಮ, ಅದು ನಿಂದೂ ಕಣೇ" ಅಂದೆ. "ನಂಗೆಲ್ಲಿ ಪುರ್ಸೊತ್ತು" ಅಂದ್ಲು. ಆಮೇಲೆ, "ಅಲ್ಲಿ ಓವರ್‌ಲಾಕ್ ಇಡ್ತಾರಾ ಕೇಳು" ಅಂತ ಅವಳೇ ನಕ್ಕಳು.

ಒಂದು ಹೇಳೋದು ಬಿಟ್ಟೆ. ಆವತ್ತು ಹೊಲಿದು ಮುಗಿದ್ಮೇಲೆ ಅಭ್ಯಾಸಬಲ, ದಾರ ಹಲ್ಲಲ್ಲಿ ಕಡಿಯೋಕೆ ಹೋದೆ. ಪಕ್ಕದೋರು ಅಷ್ಟು ಹೊತ್ತೂ ನನ್ನ ಕಡೆ ಒಂದ್ಸಲಾನೂ ತಿರುಗಿರ್ಲಿಲ್ಲ, ಅಮ್ಮನ ಜೊತೆ ನಾನು ಕೂಗಾಡ್ತಿದ್ರೂ ಹೆಡ್‌ಫೋನ್ ಏರಿಸ್ಕೊಂಡು ಸುಮ್ನಿದ್ದೋರು. ಈಗ ಕತ್ತರಿನ ಎರಡು ಬೆರಳಲ್ಲಿ ಟೇಬಲ್ ಮೇಲೇ ಸರಿಸಿ ನನ್ನ ಮುಂದೆ ತಂದಿಟ್ರು. ಕತ್ತರಿ ಮೇಲೆ ಲೈಬ್ರರಿ ಸ್ಟಿಕರ್ ಇತ್ತು. ನಾನು ಕೀತೋಸ್, ಅಂದ್ರೆ ಅವರ ಭಾಷೇಲಿ ಥ್ಯಾಂಕ್ಸ್, ಅಂದೆ, ಅವರು ತಲೆ ಆಡಿಸಿ ಬ್ಯಾಗಿನ ತೇಪೆಗೆ ವಾಪಸ್ ಹೋದ್ರು.

ಅಮ್ಮನ ಇವತ್ತಿನ ಪ್ರಶ್ನೆ ಬೇರೆ. ಗ್ರೂಪಲ್ಲಿ ನನ್ನ ಬ್ಲೌಸ್ ಸುದ್ದಿ ಹರಡಿ ಮೂರು ಜನ "ನಮ್ದೂ ಸ್ವಲ್ಪ ಬಿಚ್ಚಿಕೊಡೇ" ಅಂತ ಹಿಂದೆ ಬಿದ್ದಿದಾರೆ, ಎಲ್ರಿಗೂ ಅದೇ ಬನ್ನಿನ ಕಥೆ. "ಒಂದಕ್ಕೆ ಎಷ್ಟ್ ತಗೋತೀಯ?" ಅಂತ ಅಮ್ಮ. ಊರೋರ್ ಮಷಿನಲ್ಲಿ ಹೊಲಿದು ನಾನು ದುಡ್ಡು ಮಾಡ್ಕೊಂಡ್ರೆ ಚೆನ್ನಾಗಿರಲ್ಲಮ್ಮ ಅಂದೆ. "ಮಷಿನ್ ಊರೋರ್ದು, ಕೈ ನಿಂದಲ್ವಾ?" ಅಂದ್ಲು. ಇದಕ್ಕೆ ನನ್ನತ್ರ ಉತ್ತರ ಇಲ್ಲ. ದುಡ್ಡು ಬೇಡ, ಒಬ್ಬೊಬ್ರೂ ಹೋಳಿಗೆ ಮಾಡ್ಕೊಂಡ್ ಬನ್ನಿ ಅಂತ ಗ್ರೂಪಲ್ಲಿ ಹಾಕಿದೀನಿ.