ಕಲಾಂಬಾದಲ್ಲಿ ಅಮ್ಮನ ಜೊತೆ ಒಂದು ಭಾನುವಾರ

ಅಮ್ಮ ಮನಿಲಾಕ್ಕೆ ಬಂದಾಗ ಕಣ್ಣಿನ ಪೊರೆ ಆಪರೇಷನ್ ಆಗಿ ಆರು ತಿಂಗಳಾಗಿತ್ತು. ಬಿಸಿಲಿಗೆ ಹೊರಟರೆ ಕಪ್ಪು ಕನ್ನಡಕ ಹಾಕಲೇಬೇಕು. ಮಾಲ್ ನೋಡಿ ನೋಡಿ ಅವಳಿಗೂ ಸಾಕಾಗಿತ್ತು. "ಎಲ್ಲಾ ಕಡೆ ಈ ಕೋಟು ಹಾಕಿದ ಹುಡುಗನ ಪ್ರತಿಮೆ ಇದೆಯಲ್ಲ, ಯಾರು ಇವನು?" ಎಂದು ಕೇಳಿದಳು. ಹೊಸೆ ರಿಸಾಲ್, ಫಿಲಿಪ್ಪೀನ್ಸಿನ ರಾಷ್ಟ್ರವೀರ ಎಂದೆ. ಅವನ ಊರಿಗೇ ಕರೆದುಕೊಂಡು ಹೋಗೋಣ ಅನ್ನಿಸಿತು.

ಮನಿಲಾದಿಂದ ದಕ್ಷಿಣಕ್ಕೆ ಐವತ್ತು ಚಿಲ್ಲರೆ ಕಿಲೋಮೀಟರ್ ಹೋದರೆ ಲಗುನಾ ಪ್ರಾಂತ್ಯದ ಕಲಾಂಬಾ. ರಿಸಾಲ್ 1861ರ ಜೂನ್ 19ರಂದು ಹುಟ್ಟಿದ್ದು ಅಲ್ಲಿಯೇ. ಮೂಲ ಮನೆ ಉಳಿದಿಲ್ಲ. ಈಗಿರುವುದು 1950ರಲ್ಲಿ ಅದೇ ಜಾಗದಲ್ಲಿ ಮತ್ತೆ ಕಟ್ಟಿದ್ದು. ಕೆಳಗೆ ಕಲ್ಲಿನ ಗೋಡೆ, ಮೇಲೆ ಮರದ ಮಹಡಿ. ಕಿಟಕಿಗೆ ಗಾಜಿಲ್ಲ, ಮರದ ಚೌಕಗಳಲ್ಲಿ ತೆಳ್ಳಗಿನ ಸಮುದ್ರದ ಚಿಪ್ಪು ಕೂರಿಸಿದ್ದಾರೆ. ಅಮ್ಮ ಒಂದು ಚಿಪ್ಪಿನ ಮೇಲೆ ಬೆರಳಾಡಿಸಿದಳು. "ಆಪರೇಷನ್‌ಗೆ ಮುಂಚೆ ನನಗೆ ಹೀಗೇ ಕಾಣುತ್ತಿತ್ತು. ಬೆಳಕು ಬರುತ್ತೆ, ಆಚೆಗೆ ಯಾರಿದ್ದಾರೆ ಗೊತ್ತಾಗಲ್ಲ."

ಆಗ ನನಗೆ ರಿಸಾಲನ ತಾಯಿ ತೆಯೊದೊರಾ ಅಲೊನ್ಸೊ ನೆನಪಾದಳು. ಅಮ್ಮನನ್ನು ಅಲ್ಲೇ ನಿಲ್ಲಿಸಿಕೊಂಡು ಅವಳ ಕಥೆ ಹೇಳಿದೆ.

ಹನ್ನೊಂದು ಮಕ್ಕಳಲ್ಲಿ ಹೊಸೆ ಏಳನೆಯವನು. ತಂದೆ ಫ್ರಾನ್ಸಿಸ್ಕೊ ಮೆರ್ಕಾದೊ ಚರ್ಚಿನ ಪಾದ್ರಿಗಳ ಜಮೀನು ಗೇಣಿಗೆ ಪಡೆದು ಕಬ್ಬು, ಭತ್ತ ಬೆಳೆಯುತ್ತಿದ್ದ. ತಂದೆಯ ಕಡೆಯ ಹಿರಿಯನೊಬ್ಬ ಚೀನಾದಿಂದ ಬಂದ ವ್ಯಾಪಾರಿ. ಆದರೆ ಹುಡುಗನಿಗೆ ಅಕ್ಷರ ಕಲಿಸಿದ್ದು ತಾಯಿ, ಅವನಿಗೆ ಮೂರು ವರ್ಷ ಇದ್ದಾಗ. ಒಂದು ರಾತ್ರಿ ಕೊಬ್ಬರಿ ಎಣ್ಣೆ ದೀಪದ ಬೆಳಕಲ್ಲಿ ಓದಿಸುತ್ತಿದ್ದಳು. ಹುಡುಗನ ಕಣ್ಣು ಪುಸ್ತಕದ ಮೇಲಿಲ್ಲ, ದೀಪಕ್ಕೆ ಮುತ್ತುತ್ತಿದ್ದ ಹುಳಗಳ ಮೇಲಿದೆ. ತಾಯಿ ಮಾತು ಕೇಳದೆ ಬೆಂಕಿಗೆ ಬಿದ್ದ ಮರಿಹುಳದ ಕಥೆ ಹೇಳಿದಳು. ಹುಡುಗನಿಗೆ ಬುದ್ಧಿ ಮಾತು ತಾಕಲಿಲ್ಲ. ಬೆಳಕು ಅಷ್ಟು ಚೆಂದ ಇರುವಾಗ ಹುಳದ್ದು ತಪ್ಪೇನು ಅನ್ನಿಸಿತು ಅವನಿಗೆ.

"ಕೊಬ್ಬರಿ ಎಣ್ಣೆ ದೀಪವಾ?" ಅಮ್ಮನಿಗೆ ಖುಷಿಯಾಯಿತು. ನನಗೆ ಅ ಆ ಇ ಈ ತಿದ್ದಿಸಿದವಳು ಅವಳೇ, ನಮ್ಮ ಅಡುಗೆಮನೆ ನೆಲದ ಮೇಲೆ.

ಹೊಸೆಗೆ ಹತ್ತು ವರ್ಷ ಇದ್ದಾಗ ತೆಯೊದೊರಾಳನ್ನು ಹಿಡಿದುಕೊಂಡು ಹೋದರು. ತಮ್ಮನ ಹೆಂಡತಿಗೆ ವಿಷ ಹಾಕಲು ನೋಡಿದಳು ಅಂತ ಸುಳ್ಳು ಆರೋಪ. ಸಾಂತಾ ಕ್ರೂಸ್‌ವರೆಗೆ ಸುಮಾರು ಐವತ್ತು ಕಿಲೋಮೀಟರ್ ನಡೆಸಿಕೊಂಡೇ ಹೋದರು. ಎರಡೂವರೆ ವರ್ಷ ಜೈಲು. ಇದನ್ನು ಹೇಳುವಾಗ ಅಮ್ಮ ಅಲ್ಲೇ ಒಂದು ಬೆಂಚಿನ ಮೇಲೆ ಕೂತುಬಿಟ್ಟಳು.

ಅಣ್ಣ ಪಸಿಯಾನೊ ಬಗ್ಗೆ ಜನ ಕಡಿಮೆ ಮಾತಾಡುತ್ತಾರೆ. ನನಗದು ಬೇಸರ. ಹತ್ತು ವರ್ಷ ದೊಡ್ಡವನು. ಅವನ ಗುರು, ಪಾದ್ರಿ ಬುರ್ಗೋಸ್‌ರನ್ನು 1872ರಲ್ಲಿ ಆಗ ಆಳುತ್ತಿದ್ದ ಸ್ಪೇನ್ ಸರ್ಕಾರ ಕೊಂದಿತ್ತು. ಹಾಗಾಗಿ ಮೆರ್ಕಾದೊ ಎಂಬ ಹೆಸರಿನ ಮೇಲೆ ಕಣ್ಣು ಬಿದ್ದಿತ್ತು. ತಮ್ಮನನ್ನು ಶಾಲೆಗೆ ಸೇರಿಸಿದ್ದು ರಿಸಾಲ್ ಎಂಬ ಹೆಸರಿನಲ್ಲಿ. 1882ರಲ್ಲಿ ತಮ್ಮನನ್ನು ಸ್ಪೇನ್‌ಗೆ ಕಳಿಸಿ, ತಾನು ಊರಲ್ಲಿ ಉಳಿದು ದುಡ್ಡು ಕಳಿಸಿದ.

ಆ ತಮ್ಮ ಏನೇನು ಕಲಿತ! ಮ್ಯಾಡ್ರಿಡ್‌ನಲ್ಲಿ ವೈದ್ಯಕೀಯದ ಜೊತೆ ಸಾಹಿತ್ಯ ಓದಿದ. ಕತ್ತಿವರಸೆ, ಶಿಲ್ಪ, ಚಿತ್ರ. 1887ರಲ್ಲಿ ಬರ್ಲಿನ್‌ನಲ್ಲಿ, ಸ್ಪೇನಿನ ಆಳ್ವಿಕೆಯನ್ನು ಟೀಕಿಸುವ ಅವನ 'ನೋಲಿ ಮೆ ತಾಂಹೆರೆ' ಕಾದಂಬರಿ ಅಚ್ಚಾಯಿತು, ಅದೂ ಗೆಳೆಯನೊಬ್ಬನ ದುಡ್ಡಿನಲ್ಲಿ. ದೂರದ ಮಿಂಡನಾವೊ ದ್ವೀಪದ ದಪಿತಾನ್‌ಗೆ ಗಡಿಪಾರಾದ ನಾಲ್ಕು ವರ್ಷದಲ್ಲಿ ಶಾಲೆ ನಡೆಸಿದ, ಊರಿಗೆ ನೀರು ತಂದ, ಕಪ್ಪೆ ಓತಿ ಹಿಡಿದು ಯುರೋಪಿನ ಮ್ಯೂಸಿಯಂಗೆ ಕಳಿಸಿದ. ಒಂದು ಹಾರುವ ಓತಿಗೆ ಅವನ ಹೆಸರನ್ನೇ ಇಟ್ಟರು. "ನಮ್ಮ ಅಡಿಕೆ ತೋಟದಲ್ಲಿ ಇರುತ್ತಲ್ಲ, ಅದಾ?" ಅಂದಳು ಅಮ್ಮ. ಅದರ ಹತ್ತಿರದ ಸಂಬಂಧಿ ಅಂದೆ.

ಆದರೆ ಅವಳಿಗೆ ಬೇಕಿದ್ದದ್ದು ಕಣ್ಣಿನ ಕಥೆ. ತಾಯಿಯ ಕಣ್ಣು ಮಂಜಾಗುತ್ತಿತ್ತು ಅಂತಲೇ ರಿಸಾಲ್ ಪ್ಯಾರಿಸ್, ಹೈಡೆಲ್‌ಬರ್ಗ್‌ನಲ್ಲಿ ಕಣ್ಣಿನ ಚಿಕಿತ್ಸೆ ಕಲಿತ. ಹಾಂಗ್‌ಕಾಂಗ್‌ನಲ್ಲಿ ತಾನೇ ಅವಳಿಗೆ ಆಪರೇಷನ್ ಮಾಡಿದ. ದಪಿತಾನ್‌ನಲ್ಲಿ ಮತ್ತೊಮ್ಮೆ. ಆ ಸಲ ತಾಯಿ ಮಗನ ಮಾತು ಕೇಳದೆ ಪಟ್ಟಿ ಬಿಚ್ಚಿಬಿಟ್ಟಳು. ಕಣ್ಣು ಕೀವಾಯಿತು. ಮನೆಯವರಿಗೆ ವೈದ್ಯ ತಾನೇ ಚಿಕಿತ್ಸೆ ಮಾಡಬಾರದು ಎನ್ನುವುದು ಈಗ ಅರ್ಥವಾಯಿತು ಅಂತ ಅವನು ಭಾವನಿಗೆ ಪತ್ರ ಬರೆದ.

ಅಮ್ಮ ನನ್ನ ಕೈ ಹಿಡಿದಳು. "ತುರಿಕೆ ಆಗುತ್ತೆ ಮಗಾ. ನಾನೂ ಬಿಚ್ಚೋಕೆ ಹೊರಟಿದ್ದೆ. ನಿನ್ನ ಫೋನ್ ಬಂತು, ಬಿಟ್ಟೆ."

ನನಗೆ ಅದು ಗೊತ್ತೇ ಇರಲಿಲ್ಲ.

ಹಿತ್ತಲಿನಲ್ಲಿ ಒಂದು ಬಾವಿ ಇದೆ. ಊರಲ್ಲಿ ಮಾಡುವ ಹಾಗೆಯೇ ಅಮ್ಮ ಬಗ್ಗಿ ನೋಡಿದಳು. ಅದೇ ಅಂಗಳದಲ್ಲಿ ರಿಸಾಲನ ತಂದೆ ತಾಯಿಯ ಸಮಾಧಿ. "ಮಗ ಹೋದ ಮೇಲೆ ಎಷ್ಟು ವರ್ಷ ಇದ್ದಳು?" ಎಂದು ಕೇಳಿದಳು. ಸ್ಪೇನಿನವರು ಅವನನ್ನು ಗುಂಡಿಕ್ಕಿ ಕೊಂದದ್ದು 1896ರ ಡಿಸೆಂಬರ್ 30, ಅವನಿಗೆ 35 ವರ್ಷ. ತಾಯಿ ತೀರಿಕೊಂಡದ್ದು 1911ರಲ್ಲಿ.

"ಹತ್ತಿರ ಹತ್ತಿರ ಹದಿನೈದು ವರ್ಷ," ಅಂದಳು. ಕಪ್ಪು ಕನ್ನಡಕ ತೆಗೆದು ನನ್ನ ಕೈಗೆ ಕೊಟ್ಟಳು. ಅವಳಿಗೆ ಇಂಗ್ಲಿಷ್ ಅಕ್ಷರ ಕೂಡಿಸಿ ಓದಲು ಹೊತ್ತು ಬೇಕು. ಕಲ್ಲಿನ ಹತ್ತಿರ ಬಗ್ಗಿ, ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು, ಆ ಹೆಸರನ್ನು ಕೊನೆಯವರೆಗೂ ಓದಿದಳು.